ತೊಟ್ಟಿಲ ಹೆಸರಿಗೆ ಯಾವ ಸ್ಪೆಲಿಂಗ್?

ಮಗಳಿಗೆ ‘ಕಲಾ’ ಎಂದು ಹೆಸರಿಟ್ಟಿರಾ? ಚೆಂದದ ಹೆಸರು. ಇಂಗ್ಲಿಷಿನಲ್ಲಿ ಬರೆದ ಕೂಡಲೇ ಅದನ್ನು ಕಾಲ, ಕಾಳ ಎಂದೂ ಓದಬಹುದು. ಫಿನ್ನಿಷ್ ಭಾಷೆಯಲ್ಲಿ ‘ಕಲ’ ಎಂದರೆ ಮೀನು. ಅಳುಕಬೇಡಿ, ಊರು ದಾಟಿದ ಹೆಸರುಗಳೆಲ್ಲ ಹೀಗೆಯೇ. ‘ದೇವರು ಕರುಣಾಮಯಿ’ ಎಂಬರ್ಥದ ಹೀಬ್ರೂ ಹೆಸರು ಯೋಹಾನಾನ್ ಇಂಗ್ಲೆಂಡಿನಲ್ಲಿ ಜಾನ್, ರಷ್ಯಾದಲ್ಲಿ ಇವಾನ್, ಸ್ಪೇನಿನಲ್ಲಿ ಹುವಾನ್, ಐರ್ಲೆಂಡಿನಲ್ಲಿ ಶಾನ್ ಆಯಿತು.

ನನ್ನ ಕಳಕಳಿ ಇಷ್ಟೇ: ಲಕ್ಷ್ಮಿಗೆ ‘ಕೆಎಸ್‌ಎಚ್’ ಬೇಕೋ ‘ಎಕ್ಸ್’ ಸಾಕೋ, ಮನೆಯವರೆಲ್ಲ ಕೂತು ಮೊದಲೇ ತೀರ್ಮಾನಿಸಿ. ಜನನ ಪ್ರಮಾಣಪತ್ರದಲ್ಲೊಂದು, ಆಧಾರ್‌ನಲ್ಲಿನ್ನೊಂದು ಆದರೆ ಪಾಸ್‌ಪೋರ್ಟ್ ಹೊತ್ತಿಗೆ ಅಲೆದಾಟ ತಪ್ಪದು. ಅವಸರವೇನೂ ಇಲ್ಲ, ಜನನ ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅಷ್ಟರೊಳಗೆ ಅಜ್ಜಿಯ ಬಾಯಲ್ಲಿ ಒಮ್ಮೆ ಕೂಗಿಸಿ ಕೇಳಿ.