ಅಜ್ಜಿಯ ಅಪ್ಪೆಮರಕ್ಕೆ ಹುಳ ಬಿದ್ದರೆ

ಕೊಟ್ಟಿಗೆ ಹಿಂದಿನ ಅಪ್ಪೆಮರದ ಬುಡದಲ್ಲಿ ಗರಗಸ ಎಳೆದಂತೆ ಹುಡಿ ಬಿದ್ದಿದೆಯೇ? ತೊಗಟೆಯಲ್ಲಿ ಅಂಟು ಇಳಿದು, ಒಂದೇ ಮಗ್ಗುಲಿನ ಕೊಂಬೆ ಒಣಗುತ್ತಿದೆಯೇ? ಒಳಗೆ ಕಾಂಡಕೊರಕ ಸೇರಿರುವ ಸಾಧ್ಯತೆಯೇ ಹೆಚ್ಚು. ‘ವಯಸ್ಸಾಯ್ತು, ಕಡಿಸಿಬಿಡಿ’ ಎನ್ನುವವರು ಅಕ್ಕಪಕ್ಕದಲ್ಲಿ ಇದ್ದೇ ಇರುತ್ತಾರೆ. ಮೂರು ತಲೆಮಾರು ಅದೇ ಮರದ ಮಿಡಿ ಉಪ್ಪಿನಕಾಯಿ ಉಂಡ ಮನೆಯವರು ಅಷ್ಟು ಬೇಗ ಕೊಡಲಿ ಎತ್ತಬೇಕಾಗಿಲ್ಲ.

ಹುಳದ ತಂಟೆಗೆ ಹೋಗುವ ಮೊದಲು ಕಸಿ ಕಟ್ಟಿಸಿ. ಗೊರಟು ಹಾಕಿದರೆ ಹುಟ್ಟುವ ಗಿಡ ತಾಯಿಯಂತೆಯೇ ಆಗುತ್ತದೆಂಬ ಭರವಸೆಯಿಲ್ಲ; ನಿಮ್ಮ ಮರದ ಜೀರಿಗೆ ಪರಿಮಳ ಬೇಕೆಂದರೆ ಕಸಿಯೇ ದಾರಿ. ಜೂನ್‌ನಿಂದ ಆಗಸ್ಟ್ ಒಳ್ಳೆಯ ಕಾಲ. ರೋಗವಿಲ್ಲದ ಕೊಂಬೆಯಲ್ಲಿ ಮೂರು–ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ಕಡ್ಡಿ ಗುರುತಿಸಿ. ಕೊಯ್ಯುವ ಎಂಟು–ಹತ್ತು ದಿನ ಮೊದಲೇ ಎಲೆ ಸವರಿ ತೊಟ್ಟು ಮಾತ್ರ ಬಿಟ್ಟರೆ ತುದಿಮೊಗ್ಗು ಉಬ್ಬುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಅದೇ ದಿನ ಕಸಿ ಕಟ್ಟುವವರ ಕೈಗೆ ಮುಟ್ಟಿಸಿ. ಎಲ್ಲವೂ ಹಿಡಿಯುವುದಿಲ್ಲ, ಹತ್ತಾದರೂ ಕೊಡಿ.

ಈಗ ಹುಳ. ಹಸಿ ಹುಡಿ ಉದುರುವ ತೂತು ಹುಡುಕಿ, ಸಡಿಲ ತೊಗಟೆ ಕೆರೆದು, ಸೈಕಲ್ ಚಕ್ರದ ಕಡ್ಡಿ ತೂರಿಸಿ. ಬೆರಳುಗಾತ್ರದ ಬಿಳಿ ಹುಳ ಸಿಕ್ಕಿದರೆ ಪುಣ್ಯ. ಸಿಗದಿದ್ದರೆ ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿ ಜೇಡಿಮಣ್ಣು ಮೆತ್ತಿ. ಹತ್ತಿರ ಬೀಡಿ ಹಚ್ಚುವವರನ್ನು ದೂರ ಕಳಿಸಿ! ಮೊದಲೆಲ್ಲ ಇದಕ್ಕೆ ಬಳಸುತ್ತಿದ್ದ ಡೈಕ್ಲೋರ್ವಾಸ್ 2020ರ ಕೊನೆಯಿಂದ ನಿಷೇಧವಾಗಿದೆ. ಹಳೇ ಬಾಟಲಿ ಅಟ್ಟದ ಮೇಲಿದ್ದರೂ ಮುಟ್ಟಬೇಡಿ. ಪೊಟರೆಗೆ ಸಿಮೆಂಟ್ ತುಂಬುವುದೂ ಬೇಡ, ಒಳಗೆ ನೀರು ನಿಂತು ಕೊಳೆತ ಹೆಚ್ಚುತ್ತದೆ.

ಮಳೆ ಹೊಳವಾದ ದಿನ, ಕೆರೆದ ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಿರಿ. ಅಡಿಕೆಗೆ ಹೊಡೆಯುವ ಶೇ 1ರ ದ್ರಾವಣ ಇಲ್ಲಿ ಸಾಲದು, ಹತ್ತುಪಟ್ಟು ಗಟ್ಟಿ ಬೇಕು. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಪ್ಲಾಸ್ಟಿಕ್ ಬಕೆಟ್‌ಗಳಲ್ಲೇ ಕರಗಿಸಿ, ಆಮೇಲೆ ಬೆರೆಸಿ. ಉಜ್ಜಿದ ಕತ್ತಿ ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಹಾಕಿ. ಕಲಸಿದ್ದನ್ನು ಅಂದೇ ಮುಗಿಸಿ.

ಒಣಗಿದ ಕೊಂಬೆಯನ್ನು ಹಸಿ ಭಾಗ ಮೂರ್ನಾಲ್ಕು ಇಂಚು ಸೇರುವಂತೆ ಕೊಯ್ದು, ಅಲ್ಲಿಗೂ ಇದೇ ಮುಲಾಮು. ಬದನಿಕೆ ಹತ್ತಿದ್ದರೆ ಹೂ ಬಿಡುವ ಮೊದಲೇ ಅದು ಹಿಡಿದ ಕೊಂಬೆ ಸಮೇತ ತೆಗೆಯಿರಿ. ಗೊಬ್ಬರ ಬುಡಕ್ಕೆ ಬೇಡ, ಕೊಂಬೆಯ ನೆರಳು ಮುಗಿಯುವಲ್ಲಿ ಹಾಕಿ.

ಹುಳ ಕಾಂಡದ ಸುತ್ತಲೂ ತೊಗಟೆಯಡಿ ಕೊರೆದು ಬಳಸಿ ಬಂದಿದ್ದರೆ ಮಾತ್ರ ಮರ ಉಳಿಯುವುದು ಕಷ್ಟ. ಇಲ್ಲವಾದರೆ ಬುಡದ ಹುಡಿ ಗುಡಿಸಿ ವಾರ ಬಿಟ್ಟು ನೋಡಿ. ಹೊಸ ಹುಡಿ ಬಿದ್ದಿದ್ದರೆ ಒಳಗಿನದು ಇನ್ನೂ ಸತ್ತಿಲ್ಲ. ಮತ್ತೆ ಕಡ್ಡಿ, ಹತ್ತಿ, ಮಣ್ಣು. ಮುಂದಿನ ಮಳೆಗಾಲದ ಶುರುವಿನಲ್ಲಿ ಉದ್ದ ಮೀಸೆಯ ಬೂದು ದುಂಬಿ ಅಂಗಳದ ದೀಪಕ್ಕೆ ಬಂದು ಬಿದ್ದರೆ, ಹಿಡಿದು ಸೋಪಿನ ನೀರಿಗೆ ಹಾಕಿ. ಮೊಟ್ಟೆ ಇಡುವುದು ಅದೇ.