ಕರಾವಳಿಯ ಯಾತ್ರಿಕರಿಗೊಂದು ಕಿವಿಮಾತು

ಮಂಗಳೂರು, ಉಡುಪಿಗಳ ಬಂಧುಗಳೇ, ಪುಷ್ಯಮಾಸದಲ್ಲಿಯೂ ಮಧ್ಯಾಹ್ನ 32 ಡಿಗ್ರಿಯವರೆಗೆ ಕಾಯುವ, ರಾತ್ರಿ 20 ಡಿಗ್ರಿಗಿಂತ ಬಹಳ ಕೆಳಗಿಳಿಯುವುದು ವಿರಳವಾದ ನಿಮ್ಮ ಊರಿನ ಸೌಮ್ಯ ಹವೆಯನ್ನೇ ಸಮಸ್ತ ಕನ್ನಡನಾಡಿನ ಹವೆಯೆಂದು ಭಾವಿಸಿ, ತೆಳುವಸ್ತ್ರದಲ್ಲಿ ಬಸವಕಲ್ಯಾಣಕ್ಕೋ ಹುಮನಾಬಾದಿಗೋ ಹೊರಟುಬಿಡುವುದು ಅನೇಕರು ಮಾಡುವ ತಪ್ಪು. ಹಗಲಿನ ಶಾಖವನ್ನು ಕಾದಿರಿಸಿಕೊಂಡು ರಾತ್ರಿ ನಿಮ್ಮನ್ನು ಪೋಷಿಸುವ ಸಮುದ್ರದ ಆಶ್ರಯವು, ಸುಮಾರು 2,000 ಅಡಿ ಎತ್ತರದ ಈ ಒಣ ಪ್ರಸ್ಥಭೂಮಿಗೆ ಇಲ್ಲದಿರುವುದರಿಂದ, ನಿರಭ್ರವಾದ ಆಕಾಶದ ಕೆಳಗೆ ನೆಲವು ಸೂರ್ಯಾಸ್ತವಾದೊಡನೆ ತಣ್ಣಗಾಗತೊಡಗಿ, ಡಿಸೆಂಬರ್, ಜನವರಿಗಳ ಕೆಲವು ಬೆಳಗುಗಳಲ್ಲಿ ಉಷ್ಣತೆಯು 10 ಡಿಗ್ರಿಗೂ ಕೆಳಗಿಳಿಯುವುದುಂಟು. ಮೋಸಗೊಳಿಸುವುದು ಹಗಲು, ಕಲ್ಯಾಣದ ಕೋಟೆಯನ್ನು ಸುತ್ತುವಾಗ ಬಿಸಿಲು ಬೆಚ್ಚಗೇ ಇರುವುದರಿಂದ ಸ್ವೆಟರನ್ನು ಕೋಣೆಯಲ್ಲಿಯೇ ಬಿಟ್ಟು ಹೊರಟವರು ಸಂಜೆಗೆ ನಡುಗುತ್ತಾರೆ.

ಮಾಣಿಕನಗರದ ದತ್ತಜಯಂತಿಗೋ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೋ ಬರುವವರಂತೂ ಬಯಲಿನಲ್ಲಿ ರಾತ್ರಿ ಕಳೆಯಬೇಕಾದೀತೆಂಬುದನ್ನು ನೆನೆದು, ಕಂಬಳಿ, ಕಾಲುಚೀಲ, ಕಿವಿ ಮುಚ್ಚುವ ವಸ್ತ್ರಗಳನ್ನು ತಪ್ಪದೆ ತರತಕ್ಕದ್ದು. ವೃದ್ಧರನ್ನೂ ಶಿಶುಗಳನ್ನೂ ಮುಂಜಾವದ ಬಸ್ಸಿನಲ್ಲಿ ತೆರೆದ ಕಿಟಕಿಯ ಬಳಿ ಕೂರಿಸಬಾರದು. ಬೆವರಿಲ್ಲವೆಂದು ನೀರು ಕುಡಿಯುವುದನ್ನು ಮರೆಯಬೇಡಿ. ಒಡೆಯುವ ತುಟಿ, ಹಿಮ್ಮಡಿಗಳಿಗೆ ನಿಮ್ಮ ಮನೆಯ ಕೊಬ್ಬರಿಯೆಣ್ಣೆಯೇ ಸಾಕು. ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿಯೇ ಹೇಳಬೇಕಾಗಿದೆ: ಚಳಿ ಎಷ್ಟೇ ಇರಲಿ, ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಮಲಗಬೇಡಿ, ಅದರಿಂದ ಹೊರಡುವ ವಿಷಾನಿಲಕ್ಕೆ ವಾಸನೆಯಿಲ್ಲ, ನಿದ್ರಿಸುವವರನ್ನು ಅದು ಎಚ್ಚರಿಸುವುದೂ ಇಲ್ಲ.