ಮಂದವಾದ ಎಣ್ಣೆಗಳನ್ನು ಸಿಂಪಡಿಸುವ ಪಂಪು ಸೋರದಂತೆ ಮಾಡುವ ಕ್ರಮ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ರೈತರು ದ್ರಾಕ್ಷಿ, ಚಕ್ಕೋತ, ತರಕಾರಿ ಮತ್ತು ಹೂವಿನ ಬೆಳೆಗಳಿಗೆ ಬೀಳುವ ಹುಳುಗಳನ್ನು ತಡೆಯಲು ಬೇವಿನೆಣ್ಣೆಯನ್ನೂ ಹೊಂಗೆಯೆಣ್ಣೆಯನ್ನೂ ಉಪಯೋಗಿಸುವುದುಂಟು. ಬೇವೂ ಹೊಂಗೆಯೂ ನಮ್ಮ ಹೊಲಗಳ ಬದುವಿನಲ್ಲಿಯೇ ಬೆಳೆಯುವ ಮರಗಳಾದುದರಿಂದ ಇದು ಮೆಚ್ಚತಕ್ಕ ಪದ್ಧತಿಯೇ ಸರಿ. ಆದರೆ ನೀರಿನಲ್ಲಿ ಕರಗುವ ಔಷಧಿಗಳನ್ನು ಹೊಡೆಯುವಾಗ ಚೆನ್ನಾಗಿದ್ದ ಪಂಪು ಎಣ್ಣೆಯನ್ನು ಹಾಕಿದ ಕೂಡಲೆ ಸೋರುವುದೆಂಬ ದೂರು ಅನೇಕರಿಂದ ಕೇಳಿಬರುತ್ತದೆ. ಇದರ ಕಾರಣವನ್ನೂ ಪರಿಹಾರವನ್ನೂ ಇಲ್ಲಿ ವಿವರಿಸಲಾಗಿದೆ.

ಸೋರಿಕೆಯಿಂದ ಆಗುವ ಕೇಡು ಮೂರು ಬಗೆಯದು. ಮೊದಲನೆಯದಾಗಿ, ಹಣ ಕೊಟ್ಟು ತಂದ ಎಣ್ಣೆ ಗಿಡಕ್ಕೆ ಸೇರದೆ ನೆಲದ ಪಾಲಾಗುವುದು. ಎರಡನೆಯದಾಗಿ, ಬಿಡಿಸದ ಎಣ್ಣೆಯು ಎಳೆಯ ಎಲೆಯ ಮೇಲೆ ತೊಟ್ಟಿಕ್ಕಿದರೆ ಆ ಭಾಗವು ಸುಟ್ಟಂತಾಗುವುದು. ಮೂರನೆಯದು ಎಲ್ಲಕ್ಕಿಂತಲೂ ಹೆಚ್ಚಿನದು: ಪಂಪನ್ನು ಬೆನ್ನಿಗೆ ಕಟ್ಟಿಕೊಂಡವನ ಅಂಗಿ ತೊಯ್ದು, ಔಷಧಿಯು ಗಂಟೆಗಟ್ಟಲೆ ಅವನ ಮೈಗೆ ಅಂಟಿಕೊಂಡಿರುವುದು. ಎಣ್ಣೆಯೊಡನೆ ವಿಷದ ಔಷಧಿಯನ್ನೂ ಬೆರೆಸಿದ್ದರೆ ಇದರಿಂದ ಪ್ರಾಣಕ್ಕೇ ಅಪಾಯವುಂಟಾಗಬಹುದು.

ಒಂದು ತೋಟದಲ್ಲಿ ಕಂಡದ್ದು

ಒಂದು ಚಳಿಗಾಲದ ಬೆಳಗ್ಗೆ ಈ ಲೇಖಕನು ದೇವನಹಳ್ಳಿ ತಾಲ್ಲೂಕಿನ ಒಂದು ದ್ರಾಕ್ಷಿ ತೋಟಕ್ಕೆ ಹೋಗಿದ್ದಾಗ, ಔಷಧಿ ಹೊಡೆಯುತ್ತಿದ್ದ ಆಳಿನ ಬೆನ್ನು ಸೊಂಟದವರೆಗೆ ತೊಯ್ದಿತ್ತು. ತೋಟದ ಯಜಮಾನರು, “ಪಂಪು ಹೊಸದು ಸ್ವಾಮಿ, ಆಗಲೇ ಎರಡು ಸಲ ವಾಷರು ಬದಲಾಯಿಸಿದ್ದೇನೆ, ಆದರೂ ನಿಲ್ಲಲಿಲ್ಲ” ಎಂದರು. ನಾನೂ ಅವರಂತೆಯೇ ಯೋಚಿಸಿ, ಸ್ಪ್ಯಾನರನ್ನು ತರಿಸಿ ಬುಡದ ನಟ್ಟನ್ನು ಇನ್ನಷ್ಟು ಬಿಗಿಮಾಡಲು ಹೋದೆನು. ಪ್ಲಾಸ್ಟಿಕ್ಕಿನ ನಟ್ಟು ಸೀಳಿಹೋಯಿತೇ ಹೊರತು ಸೋರುವುದು ನಿಲ್ಲಲಿಲ್ಲ. ತಪ್ಪು ನನ್ನದೇ ಆದುದರಿಂದ ಬೇರೆ ನಟ್ಟನ್ನು ತರಿಸಿಕೊಟ್ಟು, ಅನಂತರ ಪಂಪಿನ ಭಾಗಗಳನ್ನು ಒಂದೊಂದಾಗಿ ಬಿಚ್ಚಿ ನೋಡಲಾಯಿತು.

ಹಿಡಿಯ ಒಳಗಿನ ಜಾಲರಿಯಲ್ಲಿ ಮೊಸರಿನ ಗಡ್ಡೆಯಂತಹ ಬಿಳಿಯ ವಸ್ತುವು ತುಂಬಿಕೊಂಡಿತ್ತು. ವಿಚಾರಿಸಲಾಗಿ, ಹಿಂದಿನ ದಿನ ಅದೇ ಪಂಪಿನಿಂದ ಬೂಜುರೋಗಕ್ಕಾಗಿ ಬೋರ್ಡೋ ದ್ರಾವಣವನ್ನು ಹೊಡೆದು, ಬರಿಯ ನೀರಿನಿಂದ ಒಂದು ಸಲ ಮಾತ್ರ ತೊಳೆದಿದ್ದರೆಂದು ತಿಳಿಯಿತು. ಈ ದಿನ ಬೇವಿನೆಣ್ಣೆಗೆ ಬಟ್ಟೆ ಸೋಪನ್ನು ಬೆರೆಸಿ ಕೊಳವೆ ಬಾವಿಯ ನೀರಿನಲ್ಲಿ ಕಲಸಿದ್ದರು. ಜಾಲರಿಯನ್ನು ತೊಳೆದು, ಮಿಶ್ರಣವನ್ನು ಮಳೆಯ ನೀರಿನಲ್ಲಿ ಹೊಸದಾಗಿ ತಯಾರಿಸಿ ಹಾಕಿದ ಮೇಲೆ, ಅದೇ ವಾಷರಿನಿಂದಲೇ ಪಂಪು ಸೋರದೆ ಕೆಲಸಮಾಡಿತು.

ಸೋರಿಕೆಯ ಮೂಲ

ನೀರಿಗೆ ಹೋಲಿಸಿದರೆ ಬೇವಿನೆಣ್ಣೆಯು ಹತ್ತಾರು ಪಾಲು ಮಂದವಾದುದು. ಚಳಿಗಾಲದ ಬೆಳಗಿನ ಹೊತ್ತು ಅದು ಬಾಟಲಿಯಲ್ಲಿಯೇ ತುಪ್ಪದಂತೆ ಹೆಪ್ಪುಗಟ್ಟುವುದನ್ನು ಎಲ್ಲರೂ ನೋಡಿದ್ದಾರೆ. ಕೈಪಂಪಿನಲ್ಲಿ ಸಾಮಾನ್ಯವಾಗಿ ಪ್ರತಿ ಚದರ ಸೆಂಟಿಮೀಟರಿಗೆ 3 ಕಿಲೋಗ್ರಾಮಿನಷ್ಟು ಒತ್ತಡವಿರುವುದು. ಎಣ್ಣೆಯ ಉಂಡೆಯಾಗಲಿ ಸೋಪಿನ ಗಡ್ಡೆಯಾಗಲಿ ಜಾಲರಿಯನ್ನೂ ನಾಜಲನ್ನೂ ಕಟ್ಟಿದರೆ, ತುಂತುರು ಸಣ್ಣಗಾಗುತ್ತದೆ. ಆಳು ಇನ್ನೂ ಬಲವಾಗಿ ಹಿಡಿಯನ್ನು ಒತ್ತುತ್ತಾನೆ. ಮುಂದಕ್ಕೆ ಹೋಗಲು ದಾರಿಯಿಲ್ಲದ ದ್ರವವು ಎಲ್ಲಿ ಜೋಡಣೆ ಬಲಹೀನವೋ ಅಲ್ಲಿ ಹೊರಕ್ಕೆ ಬರುತ್ತದೆ. ಆದುದರಿಂದ ಎಣ್ಣೆಯ ಪಂಪಿನಲ್ಲಿ ಸೋರುವ ಸ್ಥಳ ಒಂದು, ಸೋರಿಕೆಯ ಕಾರಣ ಇರುವ ಸ್ಥಳ ಇನ್ನೊಂದು ಎಂಬುದನ್ನು ಮುಖ್ಯವಾಗಿ ತಿಳಿಯತಕ್ಕದ್ದು. ನಟ್ಟನ್ನು ಬಿಗಿಮಾಡುವುದಕ್ಕೆ ಮೊದಲು ಮುಂದಿನ ದಾರಿ ತೆರೆದಿದೆಯೇ ಎಂದು ನೋಡಬೇಕು.

ಬ್ಯಾಟರಿ ಪಂಪುಗಳಲ್ಲಿ ಇದನ್ನು ಕಿವಿಯಿಂದಲೇ ತಿಳಿಯಬಹುದು. ಮುಂದೆ ಅಡಚಣೆಯಾದರೆ ಒತ್ತಡ ಬೇಗನೆ ಏರಿ ಮೋಟಾರು ಪದೇಪದೇ ನಿಂತು ನಿಂತು ಓಡುವುದು.

ಎಣ್ಣೆಯನ್ನು ಬಿಡಿಸುವ ಕ್ರಮ

ಎಣ್ಣೆಯನ್ನು ಎಂದಿಗೂ ನೇರವಾಗಿ ಟ್ಯಾಂಕಿಗೆ ಸುರಿಯಬಾರದು. 16 ಲೀಟರಿನ ಒಂದು ಪಂಪಿಗೆ, ಲೀಟರಿಗೆ 5 ಮಿಲಿಲೀಟರಿನಂತೆ, 80 ಮಿಲಿಲೀಟರು ಬೇವಿನೆಣ್ಣೆ ಬೇಕಾಗುವುದು. ಎಣ್ಣೆ ಹೆಪ್ಪುಗಟ್ಟಿದ್ದರೆ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ಕರಗಿಸಬೇಕು; ಒಲೆಯ ಮೇಲೆ ಇಡಕೂಡದು. ಸುಮಾರು 20 ಗ್ರಾಮ್ ಬಟ್ಟೆ ಸೋಪನ್ನು ತುರಿದು ಒಂದು ಲೀಟರು ಬೆಚ್ಚಗಿನ ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ಅದಕ್ಕೆ ಎಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಸುರಿಯುತ್ತ, ಹಾಲಿನಂತೆ ಬೆಳ್ಳಗಾಗುವವರೆಗೆ ಚೆನ್ನಾಗಿ ಕಡೆಯಬೇಕು. ಇದರ ಒಂದು ಹನಿಯನ್ನು ನೀರಿಗೆ ಬಿಟ್ಟಾಗ ಅದು ಹೊಗೆಯಂತೆ ಹರಡಿದರೆ ಎಣ್ಣೆ ಬಿಟ್ಟಿದೆಯೆಂದೂ, ಹೊಳೆಯುವ ಚುಕ್ಕೆಯಾಗಿ ತೇಲಿದರೆ ಬಿಟ್ಟಿಲ್ಲವೆಂದೂ ತಿಳಿಯಬೇಕು. ಅನಂತರ ಬಟ್ಟೆಯಲ್ಲಿ ಸೋಸಿ ಉಳಿದ ನೀರಿಗೆ ಸೇರಿಸಬೇಕು.

ನಮ್ಮ ಕಡೆಯ ಅನೇಕ ಕೊಳವೆ ಬಾವಿಗಳ ನೀರು ಗಡಸು. ಆ ನೀರಿನಲ್ಲಿರುವ ಸುಣ್ಣದ ಅಂಶವು ಸೋಪನ್ನು ಒಡೆದು ಗಡ್ಡೆಮಾಡುವುದು. ಬೋರ್ಡೋ ದ್ರಾವಣದ ಸುಣ್ಣವೂ ಹಾಗೆಯೇ ಮಾಡುತ್ತದೆ. ಆದುದರಿಂದ ಮೊದಲು ಒಂದು ಗಾಜಿನ ಬಾಟಲಿಯಲ್ಲಿ ಪರೀಕ್ಷಿಸುವುದು ಲೇಸು. ತಮ್ಮ ಬಾವಿಯ 200 ಮಿಲಿಲೀಟರು ನೀರಿಗೆ ಸ್ವಲ್ಪ ಸೋಪನ್ನೂ 1 ಮಿಲಿಲೀಟರು ಎಣ್ಣೆಯನ್ನೂ ಸೇರಿಸಿ ಕುಲುಕಿ, ಅರ್ಧ ಗಂಟೆ ಬಿಡಬೇಕು. ಬಿಳಿಯ ಗಡ್ಡೆ ಕಂಡರೆ ಆ ನೀರಿಗೆ ಸೋಪು ಹೊಂದದು. ಆಗ ಮಳೆಯ ನೀರನ್ನು ಉಪಯೋಗಿಸಬೇಕು. ಇಲ್ಲವೆ ಗಡಸು ನೀರಿನಲ್ಲಿಯೂ ಒಡೆಯದ ಎಮಲ್ಸಿಫೈಯರನ್ನು ಔಷಧಿಯ ಅಂಗಡಿಯಿಂದ ತಂದು ಹಾಕಬೇಕು. ಎಮಲ್ಸಿಫೈಯರು ಮೊದಲೇ ಸೇರಿರುವ ಬೇವಿನ ಔಷಧಿಗಳಿಗೆ ಮತ್ತೆ ಸೋಪನ್ನು ಬೆರೆಸಬೇಕಾಗಿಲ್ಲ. ಎಣ್ಣೆಯನ್ನೇ ಸೋಪಾಗಿ ಮಾಡಿದ ಬೇವಿನ ಸೋಪನ್ನೂ ಹೊಂಗೆಯ ಸೋಪನ್ನೂ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಳಕೆಗೆ ತಂದಿದ್ದಾರೆ. ಅವುಗಳಲ್ಲಿ ಬಿಡಿ ಎಣ್ಣೆಯ ತೊಂದರೆಯಿಲ್ಲ. ಆದರೆ ನೀರು ಮಾತ್ರ ಗಡಸಾಗಿರಬಾರದು.

ಪಂಪಿನ ರಚನೆಯಲ್ಲಿ ಗಮನಿಸತಕ್ಕ ಅಂಶಗಳು

ಹೊಸ ಪಂಪನ್ನು ಕೊಳ್ಳುವವರೂ, ಹಳೆಯದನ್ನು ದುರಸ್ತಿ ಮಾಡುವ ಊರಿನ ಮೆಕ್ಯಾನಿಕ್‌ಗಳೂ ಈ ಐದು ಅಂಶಗಳನ್ನು ನೋಡತಕ್ಕದ್ದು.

1. ವಾಷರು: ಸಾಧಾರಣ ರಬ್ಬರು ಎಣ್ಣೆಯಲ್ಲಿಯೂ ಸೀಮೆಎಣ್ಣೆಯಲ್ಲಿಯೂ ಉಬ್ಬಿ ಮೆತ್ತಗಾಗುವುದು. ನೈಟ್ರೈಲ್ ರಬ್ಬರಿನ ವಾಷರುಗಳು ಎಣ್ಣೆಯನ್ನು ತಡೆಯುತ್ತವೆ. ಪರೀಕ್ಷಿಸಲು ಎರಡು ಒಂದೇ ತೆರದ ವಾಷರುಗಳಲ್ಲಿ ಒಂದನ್ನು ಎರಡು ದಿನ ಎಣ್ಣೆಯಲ್ಲಿ ನೆನೆಯಿಟ್ಟು, ಇನ್ನೊಂದರ ಮೇಲೆ ಇಟ್ಟು ಅಳೆದು ನೋಡಬೇಕು. ದೊಡ್ಡದಾಗಿದ್ದರೆ ಅದು ಈ ಕೆಲಸಕ್ಕೆ ಬಾರದು.

2. ಜಾಲರಿ: ಟ್ಯಾಂಕಿನ ಬಾಯಿ, ಹಿಡಿ, ನಾಜಲು, ಈ ಮೂರೆಡೆಗಳಲ್ಲಿಯೂ ಜಾಲರಿ ಇರಬೇಕು. ಬಾಯಿಯದು ಒರಟಾಗಿಯೂ ಮುಂದಿನವು ಕ್ರಮವಾಗಿ ನಯವಾಗಿಯೂ ಇರತಕ್ಕದ್ದು. ಹಿಡಿಯ ಜಾಲರಿಯು ಉದ್ದವಾಗಿದ್ದಷ್ಟೂ ಬೇಗನೆ ಕಟ್ಟಿಕೊಳ್ಳುವುದಿಲ್ಲ. ಕಟ್ಟಿಕೊಳ್ಳುವುದೆಂದು ಜಾಲರಿಯನ್ನು ಕಿತ್ತುಹಾಕುವುದು ತಪ್ಪು. ಆಗ ನಾಜಲೇ ಕಟ್ಟುವುದು.

3. ಮುಚ್ಚಳ: ಮುಚ್ಚಳದಲ್ಲಿ ಗಾಳಿ ಒಳಕ್ಕೆ ಬರಲು ಒಂದು ರಂಧ್ರವೂ, ದ್ರವ ಹೊರಕ್ಕೆ ಚೆಲ್ಲದಂತೆ ಒಂದು ಸಣ್ಣ ಕವಾಟವೂ ಇರುವುವು. ಎಣ್ಣೆಯ ಜಿಡ್ಡಿನಿಂದ ರಂಧ್ರ ಮುಚ್ಚಿದರೆ ಪಂಪು ಎಳೆಯದು; ಕವಾಟ ಬಿದ್ದುಹೋದರೆ ಬಗ್ಗಿದಾಗಲೆಲ್ಲ ಔಷಧಿಯು ಕುತ್ತಿಗೆಯ ಮೇಲೆ ಚೆಲ್ಲುವುದು.

4. ಜೋಡಣೆಗಳು: ಜೋಡಣೆಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ವಾಷರಿಲ್ಲದ ಮರೆಗಳಿಗೆ ಟೆಫ್ಲಾನ್ ಟೇಪನ್ನು ಸುತ್ತಬೇಕು. ಪ್ಲಾಸ್ಟಿಕ್ಕಿನ ನಟ್ಟನ್ನು ಕೈಯಿಂದ ತಿರುಗಿಸುವಷ್ಟೇ ಬಿಗಿಮಾಡಿದರೆ ಸಾಕು.

5. ನಾಜಲು: ಸವೆದ ನಾಜಲಿನಿಂದ ದೊಡ್ಡ ಹನಿಗಳು ಬೀಳುವುವು. ಒತ್ತಡ ಹೆಚ್ಚಿಸುವುದು ಇದಕ್ಕೆ ಮದ್ದಲ್ಲ; ನಾಜಲನ್ನೇ ಬದಲಾಯಿಸಬೇಕು.

ಪರೀಕ್ಷೆ ಮತ್ತು ಶುಚಿ

ಔಷಧಿ ಹಾಕುವುದಕ್ಕೆ ಮೊದಲು ಪಂಪಿಗೆ ಬರಿಯ ನೀರನ್ನು ತುಂಬಿ, ಒತ್ತಡ ಕೊಟ್ಟು, ನಾಜಲನ್ನು ಮುಚ್ಚಿ, ಒಣಗಿದ ಹಳೆಯ ಪತ್ರಿಕೆಯ ಮೇಲೆ ಕಾಲು ಗಂಟೆ ಇಡಬೇಕು. ಕಾಗದದ ಮೇಲೆ ತೇವ ಕಂಡ ಕಡೆ ಸರಿಪಡಿಸಿದ ಮೇಲೆಯೇ ಔಷಧಿಯನ್ನು ತುಂಬಬೇಕು.

ಕೆಲಸ ಮುಗಿದ ಮೇಲೆ ಸೋಪಿನ ಪುಡಿ ಬೆರೆಸಿದ ನೀರನ್ನು ಹಾಕಿ ನಾಜಲಿನ ಮೂಲಕವೇ ಹೊಡೆದು, ಎರಡು ಸಲ ಶುದ್ಧವಾದ ನೀರಿನಿಂದ ತೊಳೆದು, ಬೋರಲು ಹಾಕಿ ನೆರಳಿನಲ್ಲಿ ಒಣಗಿಸಬೇಕು. ಒಳಗೆ ಉಳಿದ ಎಣ್ಣೆಯು ಗಾಳಿ ತಾಗಿ ಅಂಟಾಗುವುದು. ಕಟ್ಟಿದ ನಾಜಲನ್ನು ಬಾಯಿಂದ ಊದುವ ದುರಭ್ಯಾಸವನ್ನು ಕೂಡಲೆ ಬಿಡಬೇಕು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬಹುದು. ಗಂಧಕವನ್ನು ಹೊಡೆದ ಬಳ್ಳಿಗೆ ಎರಡು ವಾರಗಳಾದರೂ ಕಳೆಯುವವರೆಗೆ ಎಣ್ಣೆಯನ್ನು ಹೊಡೆಯಬಾರದು, ಎಲೆ ಸುಡುವುದು. ಬೇವು ರೇಷ್ಮೆ ಹುಳುವಿಗೆ ಕೇಡಾದುದರಿಂದ ಹಿಪ್ಪುನೇರಳೆ ತೋಟದ ಹತ್ತಿರ ಸಿಂಪಡಿಸುವುದಾಗಲಿ ಪಂಪನ್ನು ತೊಳೆಯುವುದಾಗಲಿ ಕೂಡದು.

ವಾಷರಿನ ಪರೀಕ್ಷೆಯೊಂದನ್ನು ಬಿಟ್ಟು, ಮೇಲೆ ಹೇಳಿದ ಪರೀಕ್ಷೆಗಳಿಗೆ ಬೇಕಾದುದು ಒಂದು ಗಾಜಿನ ಬಾಟಲಿ, ಒಂದು ಹಳೆಯ ಪತ್ರಿಕೆ ಮತ್ತು ಒಂದು ಗಂಟೆಯ ಹೊತ್ತು ಮಾತ್ರ. ಪಂಪನ್ನು ಹೊರುವವನು ಕೂಲಿಯಾಳಾಗಿರಲಿ ಮನೆಯ ಮಗನಾಗಿರಲಿ, ಅವನ ಬೆನ್ನು ಒಣಗಿರುವಂತೆ ನೋಡಿಕೊಳ್ಳುವುದು ತೋಟದ ಯಜಮಾನನ ಹೊಣೆಯೆಂದು ತಿಳಿದು, ರೈತ ಬಾಂಧವರು ಈ ಕ್ರಮಗಳನ್ನು ಅನುಸರಿಸಬೇಕಾಗಿ ಕೋರಲಾಗಿದೆ.